ನಿಮ್ಮ ಜರ್ಮನ್ ಯಾವ ಮಟ್ಟದಲ್ಲಿದೆ? ಅಳೆಯುವ ದಾರಿಗಳಲ್ಲಿ ನಿಮಗೆ ಹೊಂದುವುದು ಯಾವುದು?

ಜರ್ಮನ್ ಕಲಿಕೆಯನ್ನು ಎ1, ಎ2, ಬಿ1 ಹೀಗೆ ಸಿ2ರವರೆಗೆ ಏರುವ ಮಟ್ಟಗಳಲ್ಲಿ ಅಳೆಯುತ್ತಾರೆ. ಕಲಿಯುವವರಿಂದ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ‘ಎ2 ಪುಸ್ತಕ ಮುಗಿಯಿತು. ಆನ್‌ಲೈನ್ ಟೆಸ್ಟ್ ಮಾಡಿದರೆ ಬಿ1 ಅನ್ನುತ್ತದೆ. ಕ್ಲಾಸಿನ ಟೀಚರ್ ನೋಡಿದರೆ ಎ2 ಇನ್ನೂ ಗಟ್ಟಿಯಾಗಿಲ್ಲ ಅನ್ನುತ್ತಾರೆ. ಯಾರನ್ನು ನಂಬಲಿ? ದುಡ್ಡು ಕಟ್ಟಿ ಪರೀಕ್ಷೆಗೆ ಕೂತುಬಿಡಲಾ?’

ಇಬ್ಬರ ಮಾತೂ ನಿಜವಿರಬಹುದು. ಟೆಸ್ಟ್ ನೋಡಿದ್ದು ನೀವು ಓದಿ ಗುರುತಿಸಿದ್ದನ್ನು. ಟೀಚರ್ ಕೇಳಿದ್ದು ನೀವು ಬಾಯಿಬಿಟ್ಟು ಆಡಿದ್ದನ್ನು. ಹಾಗಾಗಿ ‘ನನ್ನ ಲೆವೆಲ್ ಏನು’ ಎಂದು ಕೇಳುವ ಮೊದಲು, ‘ಅದು ಗೊತ್ತಾದ ಮೇಲೆ ನಾನು ಏನು ತೀರ್ಮಾನ ಮಾಡಬೇಕಿದೆ’ ಎಂದು ಕೇಳಿಕೊಳ್ಳಿ. ಮುಂದಿನ ಕೋರ್ಸ್ ಆರಿಸಲು ಒಂದು ಅಳತೆ ಸಾಕು. ವೀಸಾಕ್ಕೆ ಬೇರೆಯೇ ಬೇಕು. ಆಫೀಸಿನಲ್ಲಿ ಜರ್ಮನ್ ಕ್ಲೈಂಟ್ ಜೊತೆ ಮಾತಾಡಲು ಧೈರ್ಯ ಬಂದಿದೆಯೇ ಎಂದು ತಿಳಿಯಲು ಇನ್ನೊಂದು. ಇಲ್ಲಿ ಜರ್ಮನ್ನನ್ನೇ ಇಟ್ಟುಕೊಂಡು ಬರೆದಿದ್ದೇನೆ. ಫ್ರೆಂಚ್, ಸ್ಪ್ಯಾನಿಷ್ ಕಲಿಯುವವರಿಗೂ ಬಹುಪಾಲು ಇದೇ ಮಾತು ಸಲ್ಲುತ್ತದೆ.

ಯಾವ ಮಾನದಂಡದಿಂದ ತೂಗಬೇಕು

ಎ1ರಿಂದ ಸಿ2ರವರೆಗಿನ ಆರು ಮಟ್ಟಗಳ ಚೌಕಟ್ಟನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ಸಿಇಎಫ್‌ಆರ್ ಅಂದರೆ ಅದೇ. ‘ಇಷ್ಟು ಪಾಠ ಮುಗಿಸಿದವರು ಬಿ1’ ಎಂದು ಅದರಲ್ಲಿ ಎಲ್ಲೂ ಇಲ್ಲ. ಅಲ್ಲಿರುವುದು ‘ಇಂಥದ್ದನ್ನು ಮಾಡಬಲ್ಲರು’ ಎನ್ನುವ ವಾಕ್ಯಗಳು. ಪುಸ್ತಕ ಮುಗಿಸಿದ ಮಾತ್ರಕ್ಕೆ ಆ ಮಟ್ಟ ಬಂತು ಎಂದಲ್ಲ.

ಮಟ್ಟಗಳ ನಡುವಿನ ದೂರವೂ ಒಂದೇ ಅಲ್ಲ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆ ತನ್ನ ಪರೀಕ್ಷೆಗಳಿಗೆಂದು ಪದಪಟ್ಟಿ ಕೊಡುತ್ತದೆ. ಎ1ಕ್ಕೆ ಸುಮಾರು 650 ಪದ, ಎ2ಕ್ಕೆ ಸುಮಾರು 1300, ಬಿ1ಕ್ಕೆ ಸುಮಾರು 2400. ಪ್ರತಿ ಸಲ ಹೆಚ್ಚುಕಡಿಮೆ ಎರಡು ಪಟ್ಟು. ಎ1 ಬೇಗ ಮುಗಿಸಿದವರು ಬಿ1 ಕೂಡ ಅಷ್ಟೇ ಬೇಗ ಮುಗಿಯುತ್ತದೆ ಅಂದುಕೊಳ್ಳುತ್ತಾರೆ. ಮುಗಿಯದಿದ್ದಾಗ ತಮ್ಮ ತಲೆಯನ್ನೇ ಬೈದುಕೊಳ್ಳುತ್ತಾರೆ. ತಲೆಯದ್ದೇನೂ ತಪ್ಪಿಲ್ಲ.

ಇನ್ನು ಯಾವುದೇ ಅಳತೆಯನ್ನು ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಇಷ್ಟು. ಮೊದಲನೆಯದು, ಅದು ಓದು, ಕೇಳು, ಮಾತು, ಬರಹ ಈ ನಾಲ್ಕರಲ್ಲಿ ಯಾವುದನ್ನು ಮುಟ್ಟುತ್ತದೆ? ಬೆಂಗಳೂರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ತೆಲುಗು ಪೂರ್ತಿ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಅವರ ತೆಲುಗಿಗೆ ಒಂದೇ ಲೆವೆಲ್ ಕೊಡಿ ಅಂದರೆ ಏನು ಕೊಡುತ್ತೀರಿ? ಜರ್ಮನ್ ಕಲಿಯುವ ಹೆಚ್ಚಿನವರ ಸ್ಥಿತಿಯೂ ಹೀಗೇ. ಓದುವುದರಲ್ಲಿ ಬಿ1, ಮಾತಿನಲ್ಲಿ ಎ2, ಬರಹದಲ್ಲಿ ಎರಡರ ನಡುವೆ ಎಲ್ಲೋ.

ಎರಡನೆಯದು, ಅದು ಕೇಳುವುದು ಗುರುತಿಸುವುದನ್ನೋ, ಹುಟ್ಟಿಸುವುದನ್ನೋ? ನಾಮಪದದ ಮುಂದೆ ಬರುವ ಆರ್ಟಿಕಲ್‌ಗೆ ನಾಲ್ಕು ಆಯ್ಕೆ ಕೊಟ್ಟು ‘ಡೇರ್, ಡೇನ್, ಡೇಮ್, ಡೆಸ್’ ಎಂದರೆ ಸರಿಯಾದದ್ದಕ್ಕೆ ಟಿಕ್ ಹಾಕುತ್ತೀರಿ. ಮಾತಿನ ಮಧ್ಯೆ ‘ಬಸ್ಸಿನಲ್ಲಿ ಬಂದೆ’ ಅನ್ನುವಾಗ ಅದೇ ‘ಡೇಮ್’ ತಾನಾಗಿ ಬಾಯಿಗೆ ಬರಬೇಕು. ಈ ಎರಡರ ನಡುವೆ ತಿಂಗಳುಗಟ್ಟಲೆ ಅಭ್ಯಾಸದ ಅಂತರವಿದೆ.

ಆಮೇಲೆ, ಬಂದ ಫಲಿತಾಂಶ ನಾಳೆ ಏನು ಓದಬೇಕು ಎಂದು ಹೇಳುತ್ತದೆಯೇ, ಇಲ್ಲ ಸುಮ್ನೆ ಒಂದು ಅಕ್ಷರ ಕೊಟ್ಟು ಕಳಿಸುತ್ತದೆಯೇ? ಅದನ್ನು ಬೇರೆಯವರು ಒಪ್ಪುತ್ತಾರೆಯೇ? ದುಡ್ಡು, ಸಮಯ ಎಷ್ಟು? ಬಜೆಟ್ ಕಡಿಮೆ ಇದ್ದವರು ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ. ಆದರೆ ಉಚಿತವಾಗಿ ಸಿಗುವುದರಲ್ಲೇ ತುಂಬಾ ಒಳ್ಳೆಯ ಅಳತೆಯೊಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಹತ್ತಿಪ್ಪತ್ತು ನಿಮಿಷದ ಆನ್‌ಲೈನ್ ಟೆಸ್ಟ್

ಗೋಥೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಒಂದಿದೆ, ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯಲ್ಲೂ ಒಂದಿದೆ. ಎರಡೂ ಉಚಿತ. ಯಾವ ಕೋರ್ಸಿಗೆ ಸೇರಬೇಕು ಎಂದು ಅಂದಾಜು ಮಾಡಲು ಇವು ಸಾಕು. ಶಾಲೆಯಲ್ಲೋ ಕಾಲೇಜಿನಲ್ಲೋ ಜರ್ಮನ್ ಓದಿ ಬಿಟ್ಟವರು ಮತ್ತೆ ಶುರು ಮಾಡುವಾಗ ಮೊದಲು ಇದನ್ನೇ ಮಾಡಿ. ಅದರಾಚೆಗೆ ಇವುಗಳ ಮೇಲೆ ಭಾರ ಹಾಕಬೇಡಿ. ಮಾತು ಇಲ್ಲ, ಬರಹ ಇಲ್ಲ, ಊಹೆ ಮಾಡಿ ಹೊಡೆದ ಉತ್ತರಕ್ಕೂ ಅಂಕ ಸಿಗುತ್ತದೆ. ಎರಡನೇ ಸಲ ಮಾಡಿದರೆ ಹಳೆಯ ಪ್ರಶ್ನೆಗಳು ನೆನಪಿರುವ ಸಾಧ್ಯತೆ ಬೇರೆ.

ಆ್ಯಪ್‌ಗಳ ಸ್ಟ್ರೀಕ್, ಪಾಯಿಂಟ್ ಇವೆಲ್ಲ ಅಳತೆಯೇ ಅಲ್ಲ. ನೀವು ದಿನಾ ಬಂದಿರಿ ಎಂಬ ಹಾಜರಿ ಅಷ್ಟೇ.

ಇವುಗಳಿಗಿಂತ ಗಂಭೀರವಾದದ್ದು ಡಯಾಲಾಂಗ್. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯ ಇದನ್ನು ಜಾಲತಾಣದಲ್ಲಿ ಉಳಿಸಿಕೊಂಡು ಬಂದಿದೆ. ಯುರೋಪಿನ 14 ಭಾಷೆಗಳಿಗೆ ಉಚಿತ. ಮೊದಲು ಒಂದಷ್ಟು ಪದ ತೋರಿಸಿ, ಇವುಗಳಲ್ಲಿ ನಿಜವಾದ ಪದ ಯಾವುದು, ಕಟ್ಟಿದ ಸುಳ್ಳು ಪದ ಯಾವುದು ಎಂದು ಕೇಳುತ್ತದೆ. ಆಮೇಲೆ ನಿಮ್ಮ ಬಗ್ಗೆ ನಿಮ್ಮದೇ ಅಂದಾಜು ಕೇಳುತ್ತದೆ. ಕೊನೆಗೆ ಟೆಸ್ಟ್. ಫಲಿತಾಂಶದ ಜೊತೆಗೆ ‘ನೀವು ನಿಮ್ಮನ್ನು ಜಾಸ್ತಿ ಅಂದುಕೊಂಡಿದ್ದಿರಾ, ಕಡಿಮೆ ಅಂದುಕೊಂಡಿದ್ದಿರಾ’ ಎಂದೂ ತೋರಿಸುತ್ತದೆ. ನನಗೆ ಅದರಲ್ಲಿ ಇಷ್ಟವಾಗುವುದು ಈ ಕೊನೆಯ ಭಾಗವೇ. ಓದು, ಕೇಳು, ವ್ಯಾಕರಣ, ಪದ ಬೇರೆ ಬೇರೆಯಾಗಿ ಸಿಗುತ್ತವೆ. ಬರಹದ ಭಾಗ ಇದೆ, ಆದರೆ ನೀವು ನಿಜವಾಗಿ ಪತ್ರ ಬರೆಯುವುದಿಲ್ಲ. ಮಾತಿನ ಭಾಗ ಇಲ್ಲವೇ ಇಲ್ಲ. ನೋಟದಲ್ಲಿ ಹಳೆಯ ಕಾಲದ ಸೈಟು, ಅದಕ್ಕೆ ಮುಖ ಸಿಂಡರಿಸಬೇಡಿ.

ತಾನೇ ತನಗೆ ಅಂಕ ಕೊಡುವುದು

ಸಿಇಎಫ್‌ಆರ್‌ನವರೇ ಒಂದು ಸ್ವಯಂ ಮೌಲ್ಯಮಾಪನದ ಕೋಷ್ಟಕ ಮಾಡಿದ್ದಾರೆ. ಕೇಳುವುದು, ಓದುವುದು, ಸಂಭಾಷಣೆ, ಒಬ್ಬರೇ ನಿರರ್ಗಳವಾಗಿ ಹೇಳುವುದು, ಬರೆಯುವುದು ಹೀಗೆ ಐದು ಸಾಲು, ಆರು ಮಟ್ಟ. ಒಂದೇ ಪುಟ. ಖರ್ಚು ಸೊನ್ನೆ. ಮಾತನ್ನೂ ಬರಹವನ್ನೂ ಒಳಗೊಳ್ಳುವ ಉಚಿತ ದಾರಿಗಳಲ್ಲಿ ಇದೊಂದು.

ತೊಂದರೆ ಎಲ್ಲಿ ಅಂದರೆ, ಉತ್ತರ ಬರುವುದು ನಿಮ್ಮ ಸ್ವಭಾವದಿಂದ. ಧೈರ್ಯವಂತರು ಒಂದು ಮೆಟ್ಟಿಲು ಮೇಲೆ ಟಿಕ್ ಹಾಕುತ್ತಾರೆ, ಸಂಕೋಚದವರು ಒಂದು ಮೆಟ್ಟಿಲು ಕೆಳಗೆ. ‘ನನ್ನ ಅಭಿಪ್ರಾಯಕ್ಕೆ ಕಾರಣ ಕೊಡಬಲ್ಲೆ’ ಎಂಬ ಸಾಲನ್ನು ಓದಿದರೆ ಯಾರಿಗೆ ತಾನೆ ಇಲ್ಲ ಅನ್ನಿಸುತ್ತದೆ?

ಇದಕ್ಕೆ ಮದ್ದು ಸುಲಭ. ಪ್ರತಿ ಟಿಕ್ ಪಕ್ಕದಲ್ಲೂ ‘ಕೊನೆಯ ಸಲ ಇದನ್ನು ಯಾವಾಗ, ಯಾರ ಜೊತೆ ಮಾಡಿದೆ’ ಎಂದು ಬರೆಯಿರಿ. ‘ಹೋದ ವಾರ ಕ್ಲಾಸಿನಲ್ಲಿ ವರ್ಕ್ ಫ್ರಂ ಹೋಮ್ ಬಗ್ಗೆ ಎರಡು ನಿಮಿಷ ಮಾತಾಡಿದೆ’ ಎಂದರೆ ಟಿಕ್ ಉಳಿಯಲಿ. ಬರೆಯಲು ಏನೂ ಇಲ್ಲವೆಂದರೆ ಟಿಕ್ ಅಳಿಸಿ, ಮೊಬೈಲ್ ತೆಗೆದು ಈಗಲೇ ಮಾಡಿ ನೋಡಿ. ಬಿ2ರ ವಿವರಣೆಯಲ್ಲಿ ಜರ್ಮನ್ನರ ಜೊತೆ ಮಾತಾಡುವಾಗ ಇಬ್ಬರಿಗೂ ಶ್ರಮವಾಗಬಾರದು ಎಂಬ ಅರ್ಥದ ಮಾತಿದೆ. ಇಬ್ಬರಿಗೂ ಅನ್ನುವುದನ್ನು ಹೆಚ್ಚಿನವರು ಓದದೆ ಬಿಡುತ್ತಾರೆ. ನಿಮಗೆ ಸಲೀಸಾಗಿದ್ದು, ಎದುರಿನವರು ಪ್ರತಿ ವಾಕ್ಯಕ್ಕೂ ‘ವೀ ಬಿಟ್ಟ?’ (ಏನಂದಿರಿ?) ಎಂದು ಮತ್ತೆ ಕೇಳುತ್ತಿದ್ದರೆ ಅದು ಬಿ2 ಅಲ್ಲ.

ಮನೆಯಲ್ಲೇ ಮಾದರಿ ಪತ್ರಿಕೆ

ನಾನು ಹೇಳಿದ ಒಳ್ಳೆಯ ಉಚಿತ ಅಳತೆ ಇದೇ. ಗೋಥೆ ಸಂಸ್ಥೆ ಎಲ್ಲ ಮಟ್ಟಕ್ಕೂ ಪೂರ್ತಿ ಮಾದರಿ ಪತ್ರಿಕೆಯನ್ನು ಆಡಿಯೊ, ಉತ್ತರಗಳ ಜೊತೆ ವೆಬ್‌ಸೈಟಿನಲ್ಲಿ ಇಟ್ಟಿದೆ. ಹಾಗಿದ್ದೂ ಹೆಚ್ಚಿನವರು ಇದನ್ನು ಅಭ್ಯಾಸಕ್ಕೆಂದು ಅರ್ಧರ್ಧ ಮಾಡಿ ಹಾಳು ಮಾಡಿಕೊಳ್ಳುತ್ತಾರೆ. ಅಳತೆಗೆ ಬೇಕೆಂದರೆ ಒಂದು ಪತ್ರಿಕೆಯನ್ನು ಮುಟ್ಟದೆ ಇಟ್ಟುಕೊಳ್ಳಿ.

ಬಿ1ರಲ್ಲಿ ಓದಿಗೆ 65 ನಿಮಿಷ, ಕೇಳುವುದಕ್ಕೆ ಸುಮಾರು 40, ಬರಹಕ್ಕೆ 60, ಮಾತಿಗೆ ಸುಮಾರು 15. ಒಂದು ಭಾನುವಾರ ಬೆಳಗ್ಗೆ ಮೊದಲ ಮೂರನ್ನು ಒಂದೇ ಪಟ್ಟಿನಲ್ಲಿ ಮಾಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಡಿಕ್ಷನರಿ ಬೇಡ. ಕೇಳುವ ಭಾಗದಲ್ಲಿ ಆಡಿಯೊ ನಿಲ್ಲಿಸಬೇಡಿ. ಕೆಲವು ಭಾಗಗಳನ್ನು ಎರಡು ಸಲ ಕೇಳಿಸುತ್ತಾರೆ, ಕೆಲವನ್ನು ಒಂದೇ ಸಲ. ಆ ಒಂದೇ ಸಲದ ಭಾಗದಲ್ಲೇ ನಿಮ್ಮ ನಿಜವಾದ ಮಟ್ಟ ಕಾಣುವುದು.

ಓದು, ಕೇಳು ಎರಡರಲ್ಲೂ 30 ಪ್ರಶ್ನೆ. ಅದನ್ನು 100 ಅಂಕಕ್ಕೆ ಏರಿಸುತ್ತಾರೆ, ಪಾಸಾಗಲು 60 ಬೇಕು. ಅಂದರೆ 18 ಸರಿಯಾದರೆ ಸಾಕು. ಆದರೆ ಮನೆಯಲ್ಲಿ 18 ಬಂದರೆ ಖುಷಿಪಡಬೇಡಿ. ಹಲವು ಪ್ರಶ್ನೆಗಳು ಸರಿ–ತಪ್ಪು ಇಲ್ಲವೇ ಮೂರರಲ್ಲಿ ಒಂದು ಆರಿಸುವಂಥವು. ಕಣ್ಣುಮುಚ್ಚಿ ಹೊಡೆದರೂ ಒಂದಷ್ಟು ಬೀಳುತ್ತವೆ. ಅದಕ್ಕೇ ಊಹಿಸಿದ ಉತ್ತರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತ ಹೋಗಿ. ಕೊನೆಗೆ ಎರಡು ಲೆಕ್ಕ ಮಾಡಿ: ಒಟ್ಟು ಎಷ್ಟು ಸರಿ, ಗೊತ್ತಿದ್ದೇ ಬರೆದವು ಎಷ್ಟು ಸರಿ. ಎರಡನೇ ಲೆಕ್ಕ 18 ದಾಟಿದರೆ ಆ ಎರಡು ಕೌಶಲಗಳಲ್ಲಿ ಬಿ1 ಬಂದಿದೆ ಎಂದೇ ನಾನು ತಿಳಿಯುತ್ತೇನೆ. ಒಟ್ಟು 22 ಬಂದು, ಗೊತ್ತಿದ್ದದ್ದು 14 ಮಾತ್ರ ಆಗಿದ್ದರೆ ಪರೀಕ್ಷೆಯ ಶುಲ್ಕವನ್ನು ಇನ್ನೂ ಕೈಯಲ್ಲೇ ಇಟ್ಟುಕೊಳ್ಳಿ.

ಬರಹದಲ್ಲಿ ಮೂರು ಕೆಲಸ: ಗೆಳೆಯರಿಗೆ ಸುಮಾರು 80 ಪದದ ಇಮೇಲ್, ಒಂದು ವಿಷಯದ ಬಗ್ಗೆ ಸುಮಾರು 80 ಪದದ ಅಭಿಪ್ರಾಯ, ಔಪಚಾರಿಕವಾಗಿ ಸುಮಾರು 40 ಪದದ ಸಂದೇಶ. ಇದನ್ನು ನೀವೇ ತಿದ್ದಿಕೊಳ್ಳಲು ಆಗದು. ನಿಮಗೆ ಕಾಣುವ ತಪ್ಪನ್ನು ನೀವು ಬರೆಯುವಾಗಲೇ ಸರಿಮಾಡಿರುತ್ತೀರಿ. ಉಳಿದಿರುವುದು ಕಾಣದ ತಪ್ಪುಗಳು.

ಎಐ ಚಾಟ್‌ಬಾಟ್‌ಗೆ ಕೊಟ್ಟರೆ? ತಪ್ಪು ತೋರಿಸಲು ಕೊಡಿ, ಅದಕ್ಕೆ ಅದು ಚೆನ್ನಾಗಿ ಒದಗುತ್ತದೆ. ಲೆವೆಲ್ ಕೇಳಬೇಡಿ. ಒಂದೇ ಬರಹಕ್ಕೆ ಎರಡು ಸಲ ಕೇಳಿದರೆ ಎರಡು ಉತ್ತರ ಬರಬಹುದು. ಜೊತೆಗೆ ಅದರ ಹೊಗಳಿಕೆ ಬೇರೆ ಜಾಸ್ತಿ.

ಒಂದು ಗಂಟೆ ಟೀಚರ್

ದುಡ್ಡು ಖರ್ಚು ಮಾಡುವುದೇ ಆದರೆ ಮೊದಲು ಇಲ್ಲಿ ಮಾಡಿ. ಪಾಠಕ್ಕಲ್ಲ, ಅಳತೆಗೆ. ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿ ರೂಢಿಯಿರುವ ಒಬ್ಬ ಟೀಚರ್ ಜೊತೆ ಒಂದೇ ಒಂದು ಗಂಟೆ ಮಾತಾಡಿಕೊಳ್ಳಿ. ಸಾಧ್ಯವಾದರೆ ನಿಮ್ಮ ಕ್ಲಾಸಿನವರು ಬೇಡ. ನಿಮ್ಮ ಟೀಚರಿಗೆ ನಿಮ್ಮ ಉಚ್ಚಾರ, ನೀವು ತಡವರಿಸುವ ಜಾಗ ಎಲ್ಲ ರೂಢಿಯಾಗಿರುತ್ತದೆ. ನೀವು ಅರ್ಧ ಹೇಳಿದ್ದನ್ನು ಅವರು ತಲೆಯಲ್ಲೇ ಪೂರ್ತಿ ಮಾಡಿಕೊಂಡುಬಿಡುತ್ತಾರೆ. ಕೋರ್ಸ್ ಮಾರುವ ಸಂಸ್ಥೆಯ ‘ಉಚಿತ ಅಸೆಸ್‌ಮೆಂಟ್’ ಬಗ್ಗೆಯೂ ಸ್ವಲ್ಪ ಹುಷಾರು. ಅಲ್ಲಿ ಫಲಿತಾಂಶದ ಪಕ್ಕದಲ್ಲೇ ಶುಲ್ಕದ ಪಟ್ಟಿ ಇರುತ್ತದೆ, ಅಲ್ವಾ?

ಮನೆಯಲ್ಲಿ ಬರೆದ ಆ ಮೂರು ಬರಹಗಳನ್ನು ಮೊದಲೇ ಕಳಿಸಿ. ಮಾತಿನ ಮಾದರಿ ಪತ್ರಿಕೆಯನ್ನು ಅವರ ಕೈಗೆ ಕೊಡಿ. ಬಿ1ರಲ್ಲಿ ಇಬ್ಬರು ಅಭ್ಯರ್ಥಿಗಳು ಕೂತು ಏನನ್ನೋ ಒಟ್ಟಿಗೆ ಯೋಜಿಸಬೇಕು, ಆಮೇಲೆ ಒಬ್ಬೊಬ್ಬರೂ ಒಂದು ವಿಷಯ ಮಂಡಿಸಬೇಕು, ಅದರ ಮೇಲೆ ಪ್ರಶ್ನೋತ್ತರ. ಟೀಚರ್ ಇನ್ನೊಬ್ಬ ಅಭ್ಯರ್ಥಿಯ ಪಾತ್ರ ಮಾಡಲಿ. ಅವರಿಗೆ ಕೇಳಬೇಕಾದ ಪ್ರಶ್ನೆ ‘ನಾನು ಪಾಸಾಗ್ತೀನಾ’ ಅಲ್ಲ. ಅದಕ್ಕೆ ಎಲ್ಲರೂ ‘ಆಗ್ತೀರಿ, ಅಭ್ಯಾಸ ಮಾಡಿ’ ಅನ್ನುತ್ತಾರೆ. ‘ಇವತ್ತೇ ಪರೀಕ್ಷೆಯಾದರೆ ಮಾತಿಗೆ ಎಷ್ಟು, ಬರಹಕ್ಕೆ ಎಷ್ಟು ಅಂಕ ಕೊಡುತ್ತೀರಿ, ಅಂಕ ಕಳೆದ ಮೂರು ಕಾರಣ ಯಾವುವು’ ಎಂದು ಕೇಳಿ.

ಪರೀಕ್ಷೆ ಬೇಡದವರಿಗೆ: ನಿಜವಾದ ಜರ್ಮನ್

ಹವ್ಯಾಸಕ್ಕೆ ಕಲಿಯುವವರಿಗೆ ಅಕ್ಷರದ ಲೆವೆಲ್ ಯಾಕೆ ಬೇಕು? ನಾನು ಮುಂದೆ ಹೋಗುತ್ತಿದ್ದೇನೆಯೇ ಎಂದು ತಿಳಿದರೆ ಸಾಕು. ಅದಕ್ಕೆ ಮೂರು ಕೆಲಸ ಸಾಕಾಗುತ್ತದೆ.

ಓದಿಗೆ: ನಿಮಗಿಷ್ಟವಾದ ಯಾವುದೇ ಲೇಖನದ ಮೊದಲ 100 ಪದ ತೆಗೆದುಕೊಂಡು ಗೊತ್ತಿಲ್ಲದವಕ್ಕೆ ಗೆರೆ ಎಳೆಯಿರಿ. ನೆರವಿಲ್ಲದೆ ಆರಾಮಾಗಿ ಓದಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಎನ್ನುವುದು ಓದಿನ ಸಂಶೋಧಕರು ಸಾಮಾನ್ಯವಾಗಿ ಬಳಸುವ ಲೆಕ್ಕ. ಐದಾರು ಗೆರೆ ಬಿದ್ದರೆ ಡಿಕ್ಷನರಿ ಇಟ್ಟುಕೊಂಡು ಓದಬಹುದು. ಹದಿನೈದು ಬಿದ್ದರೆ ಆ ಲೇಖನ ಸದ್ಯಕ್ಕೆ ಬೇಡ. ಕೇಳುವುದಕ್ಕೆ ಡಾಯ್ಚ ವೆಲ್ಲೆಯ ನಿಧಾನಗತಿಯ ವಾರ್ತೆ ಇದೆ, ಪಠ್ಯವೂ ಜೊತೆಗೇ ಸಿಗುತ್ತದೆ. ಪಠ್ಯ ನೋಡದೆ ಕೇಳಿ, ಏನು ಕೇಳಿತು ಎಂದು ಕನ್ನಡದಲ್ಲೇ ಎರಡು ಸಾಲು ಬರೆದು, ಆಮೇಲೆ ಪಠ್ಯಕ್ಕೆ ಹೋಲಿಸಿ. ಅದು ಸಲೀಸಾದ ಮೇಲೆ ಜರ್ಮನ್ ಟಿವಿಯ ‘ಟಾಗೆಸ್‌ಶೌ’ದ 100 ಸೆಕೆಂಡಿನ ವಾರ್ತೆಗೆ ಹೋಗಿ. ಅದು ಜರ್ಮನ್ನರಿಗಾಗಿಯೇ ಓದಿದ್ದು, ಯಾರಿಗೂ ಕಾಯುವುದಿಲ್ಲ.

ಮಾತಿಗೆ: ಒಂದೇ ವಿಷಯದ ಮೇಲೆ ಮೂರು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಡಿ. ಮೂರು ತಿಂಗಳ ನಂತರ ಅದೇ ವಿಷಯಕ್ಕೆ ಮತ್ತೆ. ಎರಡನ್ನೂ ಅಕ್ಷರಕ್ಕಿಳಿಸಿ ನೋಡಿ. ಎಷ್ಟು ಕಡೆ ನಿಂತಿರಿ, ಎಷ್ಟು ವಾಕ್ಯ ‘ಉಂಡ್’ (ಮತ್ತು) ಹಾಕಿ ಜೋಡಿಸಿದ್ದೀರಿ, ‘ವೈಲ್’ (ಯಾಕೆಂದರೆ) ಅಂದ ಮೇಲೆ ಕ್ರಿಯಾಪದ ಕೊನೆಗೆ ಹೋಯಿತೇ? ಕೊನೆಯದು ನಮಗೆ ಸುಲಭವಾಗಬೇಕು, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆದರೂ ಇಂಗ್ಲಿಷ್ ಮೂಲಕ ಯೋಚಿಸುವ ಅಭ್ಯಾಸ ಬಿದ್ದವರು ತಪ್ಪುತ್ತಾರೆ. ಈ ದಾರಿ ನಿಮಗೆ ಲೆವೆಲ್ ಹೇಳುವುದಿಲ್ಲ. ಏನು ಬದಲಾಯಿತು ಎನ್ನುವುದನ್ನು ಮಾತ್ರ ಬೇರೆಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ.

ಅಧಿಕೃತ ಪರೀಕ್ಷೆ

ಯಾರಾದರೂ ಕಾಗದ ಕೇಳಿದರೆ ಬರೆಯಿರಿ. ಯಾರೂ ಕೇಳದಿದ್ದರೆ ನನ್ನ ಮಟ್ಟಿಗೆ ಇದು ದುಬಾರಿ ಅಳತೆ. ಶುಲ್ಕ ಸಾವಿರಗಳಲ್ಲಿದೆ, ಮಟ್ಟ ಏರಿದಂತೆ ಅದೂ ಏರುತ್ತದೆ, ಸೀಟುಗಳೂ ಬೇಗ ತುಂಬುತ್ತವೆ. ಫಲಿತಾಂಶದಲ್ಲಿ ಅಂಕ ಬರುತ್ತದೆ, ಎಲ್ಲಿ ತಪ್ಪಿತು ಎನ್ನುವುದು ಬರುವುದಿಲ್ಲ. ಬೇರೆ ಯಾವ ದಾರಿಗೂ ಇಲ್ಲದ್ದು ಇದಕ್ಕಿದೆ: ನಾಲ್ಕೂ ಕೌಶಲ, ಅಪರಿಚಿತ ಪರೀಕ್ಷಕರು, ನಿಜವಾದ ಒತ್ತಡ.

ಬೆಂಗಳೂರಿನಲ್ಲಿ ಗೋಥೆ ಪರೀಕ್ಷೆ ಎಂದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ. ಅದರ ಜೊತೆಗೆ ಟೆಲ್ಕ್, ಆಸ್ಟ್ರಿಯಾದ ಓಎಸ್‌ಡಿ ಎಂಬ ಪರೀಕ್ಷೆಗಳೂ ಇವೆ. ಗೋಥೆ ಬಿ1, ಬಿ2ಗಳಲ್ಲಿ ನಾಲ್ಕು ಮಾಡ್ಯೂಲ್ ಬೇರೆ ಬೇರೆ, ಪ್ರತಿಯೊಂದರಲ್ಲೂ 60 ಬೇಕು. ಟೆಲ್ಕ್ ಬಿ2ರಲ್ಲಿ ಲಿಖಿತ ಭಾಗಕ್ಕೆ 225, ಮೌಖಿಕಕ್ಕೆ 75 ಅಂಕ. ಎರಡರಲ್ಲೂ ಶೇಕಡ 60 ಬಂದರೆ ಪಾಸು. ಅಂದರೆ ಟೆಲ್ಕ್‌ನಲ್ಲಿ ಓದಿನಲ್ಲಿ ಗಳಿಸಿದ ಅಂಕ ಬರಹದ ಕೊರತೆಯನ್ನು ತುಂಬಿಕೊಡಬಹುದು. ಗೋಥೆಯಲ್ಲಿ ಹಾಗಾಗದು. ಪಾಸಾಗುವುದೇ ಗುರಿಯಾದರೆ ಬರಹದಲ್ಲಿ ಹಿಂದಿರುವವರಿಗೆ ಟೆಲ್ಕ್ ಅನುಕೂಲ. ತನ್ನನ್ನು ಅಳೆದುಕೊಳ್ಳುವುದು ಗುರಿಯಾದರೆ ಗೋಥೆ ಹೆಚ್ಚು ನಿಷ್ಠುರ. ನಿಮ್ಮ ಕಾಗದ ಕೇಳುವವರು ಯಾವುದನ್ನು ಒಪ್ಪುತ್ತಾರೆ ಎಂದು ಮೊದಲೇ ವಿಚಾರಿಸಿ.

ಜಪಾನಿ ಕಲಿಯುವವರಿಗೊಂದು ಮಾತು. ಜಪಾನಿಯ ಮಟ್ಟ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತೂ ಇಲ್ಲ, ಬರಹವೂ ಇಲ್ಲ, ಪೂರ್ತಿ ಆಯ್ಕೆಯ ಪ್ರಶ್ನೆಗಳು. ಅದರ ಎನ್2 ಮಟ್ಟಕ್ಕೆ 180ಕ್ಕೆ 90 ಬಂದು, ಪ್ರತಿ ವಿಭಾಗದಲ್ಲೂ 60ಕ್ಕೆ ಕನಿಷ್ಠ 19 ಬಂದರೆ ಪಾಸು. ಎನ್2 ಪಾಸಾದ ಮೇಲೂ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿದರೆ ಆಶ್ಚರ್ಯವಿಲ್ಲ. ಒಂದು ಗಂಟೆ ಟೀಚರ್ ಎಂದೆನಲ್ಲ, ಅದು ನಿಮಗೆ ಇನ್ನೂ ಹೆಚ್ಚು ಬೇಕು.

ಹಾಗಾದರೆ ಯಾರಿಗೆ ಯಾವುದು

ಗಂಡನ ಜೊತೆಯೋ ಹೆಂಡತಿಯ ಜೊತೆಯೋ ಇರಲು ಜರ್ಮನಿಗೆ ಹೊರಟವರಿಗೆ ಸಾಮಾನ್ಯವಾಗಿ ಎ1 ಸರ್ಟಿಫಿಕೇಟ್ ಬೇಕು. ಅದರಲ್ಲಿ ಒಟ್ಟು 100ಕ್ಕೆ 60. ಮಾದರಿ ಪತ್ರಿಕೆ ಒಂದು ಸಲ ಮಾಡಿ, ಆರಾಮಾಗಿ ಬಂದರೆ ಪರೀಕ್ಷೆಗೆ ಹೋಗಿ. ಟೀಚರ್ ಬಳಿ ಪ್ರತ್ಯೇಕ ಅಳತೆಗೆ ಖರ್ಚು ಮಾಡುವ ಅಗತ್ಯ ಕಾಣುವುದಿಲ್ಲ.

ನರ್ಸಿಂಗ್ ಕೆಲಸದ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಇಲ್ಲಿ ಮಾತ್ರ ಜಿಪುಣತನ ಬೇಡ. ಬಿ1 ಮುಗಿದಾಗ ಒಂದು ಸಲ, ಬಿ2 ಪರೀಕ್ಷೆಗೆ ಎರಡು ತಿಂಗಳ ಮೊದಲು ಇನ್ನೊಂದು ಸಲ ಪೂರ್ತಿ ಪತ್ರಿಕೆ ಮತ್ತು ಟೀಚರ್ ಎರಡನ್ನೂ ಇಟ್ಟುಕೊಳ್ಳಿ. ಒಮ್ಮೆ ಫೇಲಾದರೆ ಹೋಗುವುದು ಶುಲ್ಕ ಮಾತ್ರವಲ್ಲ, ಮುಂದಿನ ಸೀಟು ಸಿಗುವವರೆಗಿನ ತಿಂಗಳುಗಳೂ. ವಾರ್ಡಿನಲ್ಲಿ ರೋಗಿ ಸರಿ–ತಪ್ಪು ಆಯ್ಕೆ ಕೊಟ್ಟು ಮಾತಾಡುವುದಿಲ್ಲ, ಆದ್ದರಿಂದ ಕೇಳುವ ಭಾಗದಲ್ಲಿ ಊಹೆಯ ಅಂಕವನ್ನು ಪೂರ್ತಿ ಕಳೆದೇ ಲೆಕ್ಕ ಹಾಕಿ.

ಜರ್ಮನ್ ಮಾಧ್ಯಮದಲ್ಲೇ ಓದಲು ಹೊರಟವರಿಗೆ ಟೆಸ್ಟ್‌ಡಾಫ್ ಎಂಬ ಪರೀಕ್ಷೆ ಇದೆ. ಅದರಲ್ಲಿ 3, 4, 5 ಎಂಬ ಹಂತಗಳು, ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನಾಲ್ಕೂ ಭಾಗದಲ್ಲಿ 4 ಕೇಳುತ್ತವೆ. ಇಂಗ್ಲಿಷಿನಲ್ಲಿ ಮಾಸ್ಟರ್ಸ್ ಮಾಡುವವರು ದಿನಬಳಕೆಗೆ ಕಲಿಯುತ್ತಿದ್ದರೆ ಕೋಷ್ಟಕ ಮತ್ತು ರೆಕಾರ್ಡಿಂಗ್ ಸಾಕು. ಐಟಿಯವರು ಕ್ಲೈಂಟ್ ಮೀಟಿಂಗಿಗೆ ತಯಾರಾಗಿದ್ದೀವಾ ಎಂದು ತಿಳಿಯಲು ಟೀಚರ್ ಜೊತೆ ಅಂಥದ್ದೇ ಒಂದು ಮೀಟಿಂಗ್ ನಡೆಸಿ ನೋಡಲಿ. ಪರೀಕ್ಷೆಯ ಪತ್ರಿಕೆಗಿಂತ ಅದು ಅವರಿಗೆ ಹೆಚ್ಚು ಉಪಯೋಗ.

ಎರಡು ಅಳತೆ ಬೇರೆ ಬೇರೆ ಹೇಳಿದರೆ ಏನು ಮಾಡುವುದು? ನೀವೇ ಬರೆದದ್ದು, ಆಡಿದ್ದು ಆಧಾರವಾಗಿರುವ ಅಳತೆಯನ್ನು ಹಿಡಿಯಿರಿ. ಕೋರ್ಸ್ ಆರಿಸುವಾಗ ಕೆಳಗಿನ ಲೆವೆಲ್ಲನ್ನೇ ಆರಿಸಿ, ಒಂದೆರಡು ವಾರ ಬೇಜಾರಾದರೂ ಮೇಲಿನ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂರುವುದಕ್ಕಿಂತ ವಾಸಿ. ಪರೀಕ್ಷೆಗೆ ಕಟ್ಟುವಾಗ ನಾಲ್ಕರಲ್ಲಿ ಅತ್ಯಂತ ಕಡಿಮೆ ಬಂದ ಕೌಶಲವನ್ನೇ ನಿಮ್ಮ ಲೆವೆಲ್ ಎಂದು ಹಿಡಿಯಿರಿ. ಮೂರು ಚೆನ್ನಾಗಿದ್ದು ಒಂದೇ ಹಿಂದಿದ್ದರೆ, ಕಾಗದಕ್ಕೆ ಆತುರವೂ ಇದ್ದರೆ, ಗೋಥೆ ಬಿ1 ಮತ್ತು ಬಿ2ರಲ್ಲಿ ಒಂದು ಅನುಕೂಲವಿದೆ: ಫೇಲಾದ ಮಾಡ್ಯೂಲನ್ನು ಮಾತ್ರ ಮತ್ತೆ ಬರೆಯಬಹುದು, ಪಾಸಾದವಕ್ಕೆ ಮತ್ತೆ ಕೂರಬೇಕಿಲ್ಲ.